ರಾಕಿ ಪರ್ವತದ ಏರಿನಲ್ಲಿ ಸಬರ್ಬನ್ ಮತ್ತು ಟ್ರೇಲರ್: ಗೇರ್‌ಬಾಕ್ಸ್ ಎಷ್ಟು ಭಾರ ತಾಳೀತು?

ಪ್ರಶ್ನೆ: ನಾವು ಮೈಸೂರಿನವರು, ಈಗ ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಬಳಿ ನೆಲೆಸಿದ್ದೇವೆ. ನಮ್ಮಲ್ಲಿ 2016ರ ಷೆವರ್ಲೆ ಸಬರ್ಬನ್ ಇದೆ: 5.3 ಲೀಟರ್ ಎಂಜಿನ್, ಆರು ಗೇರ್‌ಗಳ ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್. ಹಳೆಯ ಗಾಡಿಯಾಗಿ ಕೊಂಡಾಗ ‘ಇದು ಎಂಟು ಸಾವಿರ ಪೌಂಡ್ ಎಳೆಯುತ್ತದೆ’ ಎಂದು ಹೇಳಿದ್ದರು. ಹೋದ ಬೇಸಿಗೆಯಲ್ಲಿ ಸ್ನೇಹಿತರ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ನಾವು ನಾಲ್ವರು ಹೋಗಿದ್ದೆವು. ಸಾಮಾನು ಸೇರಿ ಟ್ರೇಲರ್ ಸುಮಾರು 5,000 ಪೌಂಡ್ ಇತ್ತು. ಹಿಂದಿರುಗುವಾಗ ಐ-70 ಹೆದ್ದಾರಿಯಲ್ಲಿ ಸಿಲ್ವರ್‌ತಾರ್ನ್‌ನಿಂದ ಐಸೆನ್‌ಹೋವರ್ ಸುರಂಗದ ಕಡೆಗೆ ಏರುವಾಗ ಗಾಡಿ ಎರಡನೇ ಮತ್ತು ಮೂರನೇ ಗೇರಿನ ನಡುವೆ ತೊಯ್ದಾಡಿತು. ವೇಗ 45 ಮೈಲಿಗಿಂತ ಮೇಲೇರಲಿಲ್ಲ. ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಉಷ್ಣತೆ 238 ಡಿಗ್ರಿ ಫ್ಯಾರನ್‌ಹೀಟ್ ತಲುಪಿತು. ಮುಂದಿನ ಬೇಸಿಗೆಗೆ ಅಪ್ಪ ಅಮ್ಮ ಬರುತ್ತಾರೆ. ಅವರನ್ನು ಕರೆದುಕೊಂಡು ಯೂಟಾದ ಮೋಆಬ್‌ಗೆ ಹೋಗಲು 28 ಅಡಿಯ ಟ್ರೇಲರ್ ಕೊಳ್ಳುವ ಯೋಚನೆ ಇದೆ. ಅದರ ಖಾಲಿ ತೂಕ 6,200 ಪೌಂಡ್, ಗರಿಷ್ಠ ತೂಕ 7,600. ಗಾಡಿಯ ಬಾಗಿಲ ಕಂಬದ ಚೀಟಿಯಲ್ಲಿ ಪೇಲೋಡ್, ಅಂದರೆ ಜನ, ಸಾಮಾನು ಎಲ್ಲ ಸೇರಿ ಗಾಡಿ ಹೊರಬಹುದಾದ ಭಾರ, 1,510 ಪೌಂಡ್ ಎಂದಿದೆ. ಊರಿನ ಘಾಟಿ ರಸ್ತೆಗಳಲ್ಲಿ ಕಾರು ಓಡಿಸಿದ ಅನುಭವ ಇದೆ, ಹಿಂದೆ ಭಾರ ಕಟ್ಟಿ ಓಡಿಸಿದ್ದು ಅದೇ ಮೊದಲು. ಗಾಡಿಗೆ ಆಗಲೇ ಹಾನಿಯಾಗಿದೆಯೇ? ಗೇರ್‌ಬಾಕ್ಸ್ ಎಣ್ಣೆಗೆ ದೊಡ್ಡ ಕೂಲರ್ ಹಾಕಿಸಿದರೆ ಈ ಟ್ರೇಲರ್ ಎಳೆಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಒಂದು ಆಗಿಹೋದದ್ದರ ಬಗ್ಗೆ, ಇನ್ನೊಂದು ಆಗಬೇಕಾದದ್ದರ ಬಗ್ಗೆ. ಮೊದಲನೆಯದಕ್ಕೆ ಸಮಾಧಾನದ ಉತ್ತರವಿದೆ: ಒಂದು ಏರಿನಲ್ಲಿ ಕೆಲವು ನಿಮಿಷ 238 ಡಿಗ್ರಿ, ಅಂದರೆ ಸುಮಾರು 114 ಡಿಗ್ರಿ ಸೆಲ್ಸಿಯಸ್ ತಲುಪಿ ಆಮೇಲೆ ಇಳಿದಿದ್ದರೆ ಗೇರ್‌ಬಾಕ್ಸ್ ಹಾಳಾಗಿರುವ ಸಾಧ್ಯತೆ ಕಡಿಮೆ, ಅದರ ಎಣ್ಣೆಯ ಆಯುಷ್ಯ ಸ್ವಲ್ಪ ಕಡಿಮೆಯಾಗಿರುತ್ತದೆ, ಅಷ್ಟೆ. ಎರಡನೆಯದಕ್ಕೆ ನನ್ನ ಉತ್ತರ ನಿಮಗೆ ರುಚಿಸಲಾರದು. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಈ ಗಾಡಿ ಆ ಟ್ರೇಲರಿಗೆ ತಕ್ಕುದಲ್ಲ, ಮತ್ತು ಯಾವ ಕೂಲರ್ ಕೂಡ ಅದನ್ನು ತಕ್ಕುದಾಗಿ ಮಾಡಲಾರದು. ಇದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಕಾರಣ ಗೊತ್ತಿದ್ದರೆ ಮುಂದೆ ಯಾವ ಗಾಡಿ, ಯಾವ ಟ್ರೇಲರ್ ಎಂಬ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

ಮೊದಲು ಮಾಡಬೇಕಾದ ಕೆಲಸಕ್ಕೆ ಐದು ನಿಮಿಷ ಸಾಕು. ನಿಮ್ಮ ಸಬರ್ಬನ್‌ನ ಗ್ಲೋವ್ ಬಾಕ್ಸ್ ತೆರೆದು ಒಳಗೆ ಅಂಟಿಸಿರುವ, ಮೂರಕ್ಷರದ ಸಂಕೇತಗಳು ತುಂಬಿರುವ ಚೀಟಿಯನ್ನು ನೋಡಿ. ಅದರಲ್ಲಿ ಜಿಯು4 (GU4) ಎಂದಿದ್ದರೆ ನಿಮ್ಮ ಆಕ್ಸಲ್‌ನ ಅನುಪಾತ 3.08, ಜಿಯು6 (GU6) ಎಂದಿದ್ದರೆ 3.42; ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತು ತಿರುಗಬೇಕು ಎಂಬುದೇ ಈ ಸಂಖ್ಯೆ, ಅದು ದೊಡ್ಡದಾದಷ್ಟೂ ಎಳೆತ ಹೆಚ್ಚು. ಜೊತೆಗೆ ಎನ್‌ಎಚ್‌ಟಿ (NHT) ಎಂಬ ಸಂಕೇತ ಇದ್ದರೆ ಕಂಪನಿಯಿಂದಲೇ ಗರಿಷ್ಠ ಎಳೆತದ ಪ್ಯಾಕೇಜ್ ಬಂದಿದೆ ಎಂದು ಅರ್ಥ. ಈ ಸಂಕೇತಗಳಿಗೆ ಇಷ್ಟು ಮಹತ್ವ ಏಕೆಂದರೆ, ನಿಮ್ಮ ವರ್ಷದ ಫೋರ್ ವೀಲ್ ಡ್ರೈವ್ ಸಬರ್ಬನ್‌ಗೆ 3.42 ಆಕ್ಸಲ್ ಇದ್ದಾಗ ಎಳೆತದ ಮಿತಿ ಸುಮಾರು 8,000 ಪೌಂಡ್, 3.08 ಇದ್ದಾಗ ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ಚಾಸಿ ಇದ್ದರೂ ಮಿತಿ ಸುಮಾರು 6,000 ಪೌಂಡ್‌ಗೆ ಇಳಿಯುತ್ತದೆ. ಮಾರುವವರು ಹೇಳುವುದು ಸಾಮಾನ್ಯವಾಗಿ ದೊಡ್ಡ ಸಂಖ್ಯೆಯನ್ನೇ. ಅದು ಸುಳ್ಳಾಗಿರಬೇಕಿಲ್ಲ, ಬೇರೊಂದು ಸಬರ್ಬನ್‌ಗೆ ಅದು ನಿಜ. ನಿಮ್ಮ ಗಾಡಿ ನಡೆದುಕೊಂಡ ರೀತಿ ನೋಡಿದರೆ ಅದರಲ್ಲಿ 3.08 ಇದೆ ಎಂದೇ ನನಗೆ ಅನಿಸುತ್ತದೆ, ಅದರ ಕಾರಣವನ್ನು ಮುಂದೆ ಲೆಕ್ಕದಲ್ಲಿಯೇ ತೋರಿಸುತ್ತೇನೆ.

ನಿಮ್ಮ ಸಬರ್ಬನ್ ಹಾಫ್ ಟನ್ ಎಂದು ಕರೆಯುವ ದರ್ಜೆಯದು. ಆ ಹೆಸರು ಹಿಂದಿನ ಕಾಲದ್ದು, ಗಾಡಿಯ ಮೇಲೆ ಅರ್ಧ ಟನ್, ಅಂದರೆ ಅಮೆರಿಕದ ಲೆಕ್ಕದಲ್ಲಿ 1,000 ಪೌಂಡ್ ಹೊರಬಹುದು ಎಂಬ ಅರ್ಥದ್ದು. ಈಗಿನ ಗಾಡಿಗಳು ಅದಕ್ಕಿಂತ ಹೆಚ್ಚೇ ಹೊರುತ್ತವೆ. ಆದರೂ ಟಾಹೋ, ಸಬರ್ಬನ್, ಫೋರ್ಡ್ ಎಕ್ಸ್‌ಪೆಡಿಷನ್, ಟೊಯೋಟಾ ಸಿಕ್ವೋಯಾ ಇವೆಲ್ಲ ಜನರನ್ನು ಹಾಯಾಗಿ ಕೂರಿಸಿಕೊಂಡು ಓಡುವುದಕ್ಕೆಂದು, ಪೆಟ್ರೋಲ್ ಖರ್ಚನ್ನು ಆದಷ್ಟು ತಗ್ಗಿಸುವಂತೆ ರೂಪಿಸಿದ ಗಾಡಿಗಳೇ. 3.08 ಆಕ್ಸಲ್ ಇರುವುದೂ ಅದೇ ಕಾರಣಕ್ಕೆ. ಖಾಲಿ ರಸ್ತೆಯಲ್ಲಿ ಎಂಜಿನ್ ನಿಧಾನವಾಗಿ ತಿರುಗಲಿ, ಇಂಧನ ಉಳಿಯಲಿ ಎಂಬ ಉದ್ದೇಶಕ್ಕೆ ಅದು ಒಳ್ಳೆಯ ಆಯ್ಕೆ, ಭಾರ ಎಳೆಯುವುದಕ್ಕೆ ಕೆಟ್ಟ ಆಯ್ಕೆ.

ಎಳೆತದ ಮಿತಿಯ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಅದನ್ನು ನಂಬುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು. ಈಗ ಅಮೆರಿಕದ ದೊಡ್ಡ ತಯಾರಕರು ಅನುಸರಿಸುವ ಮಾನದಂಡದ ಹೆಸರು ಎಸ್‌ಎಇ ಜೆ2807. ಇದರಲ್ಲಿ ಗಾಡಿ ಮತ್ತು ಟ್ರೇಲರನ್ನು ಅರಿಜೋನಾದ ರಾಜ್ಯ ಹೆದ್ದಾರಿ 68ರಲ್ಲಿ, ಬುಲ್‌ಹೆಡ್ ಸಿಟಿಯ ಬಳಿಯಿಂದ ಮೇಲಕ್ಕೆ ಹೋಗುವ ಡೇವಿಸ್ ಡ್ಯಾಮ್ ಏರಿನಲ್ಲಿ ಓಡಿಸುತ್ತಾರೆ. ಏರಿನ ಉದ್ದ 11.4 ಮೈಲಿ, ಎತ್ತರದ ವ್ಯತ್ಯಾಸ ಸುಮಾರು 3,000 ಅಡಿ; ಹೊರಗಿನ ಉಷ್ಣತೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಎಸಿ ಪೂರ್ತಿ ಓಡುತ್ತಿರಬೇಕು, ಸಾಮಾನ್ಯ ಗಾಡಿಗಳು 40 ಮೈಲಿಗಿಂತ ಕೆಳಗೆ ಇಳಿಯಬಾರದು, ಯಾವ ಭಾಗವೂ ಕೆಡಬಾರದು. ಇದಲ್ಲದೆ 12 ಶೇಕಡ ಏರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡುವ ಪರೀಕ್ಷೆಯೂ ಇದೆ. ಇದು ನಿಜಕ್ಕೂ ಕಠಿಣ ಪರೀಕ್ಷೆ, ಅದನ್ನು ನಾನು ಗೌರವಿಸುತ್ತೇನೆ.

ಆದರೆ ಆ ಪರೀಕ್ಷೆ ಊಹಿಸಿಕೊಳ್ಳುವ ಗಾಡಿ ನಿಮ್ಮದಲ್ಲ. ಅದರಲ್ಲಿ ಚಾಲಕ ಮತ್ತು ಒಬ್ಬ ಪ್ರಯಾಣಿಕ ಮಾತ್ರ, ತಲಾ 150 ಪೌಂಡ್ ತೂಕದವರು. ಮಕ್ಕಳಿಲ್ಲ, ಅಪ್ಪ ಅಮ್ಮ ಇಲ್ಲ, ಹಿಂದೆ ಅಕ್ಕಿ ಚೀಲ, ಕುಕ್ಕರ್, ಸೈಕಲ್‌ಗಳಿಲ್ಲ. ಇನ್ನೂ ಮುಖ್ಯವಾದದ್ದು ಎತ್ತರ. ಡೇವಿಸ್ ಡ್ಯಾಮ್ ಏರು ಮುಗಿಯುವುದು ಸಮುದ್ರಮಟ್ಟದಿಂದ ಸುಮಾರು ಮೂರೂವರೆ ಸಾವಿರ ಅಡಿ ಎತ್ತರದಲ್ಲಿ. ನೀವು ಪ್ರತಿ ಪ್ರವಾಸದಲ್ಲೂ ಹೊರಡುವ ಡೆನ್ವರ್ ನಗರವೇ 5,280 ಅಡಿಯಲ್ಲಿದೆ, ಐಸೆನ್‌ಹೋವರ್ ಸುರಂಗದ ಪಶ್ಚಿಮದ ಬಾಯಿ 11,158 ಅಡಿಯಲ್ಲಿದೆ, ಮೋಆಬ್ ದಾರಿಯಲ್ಲೇ ಸಿಗುವ ವೇಲ್ ಪಾಸ್ 10,662 ಅಡಿಯಲ್ಲಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಶೇಕಡ ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 355 ಅಶ್ವಶಕ್ತಿ ಕೊಡುವ ನಿಮ್ಮ ಎಂಜಿನ್ ಸುರಂಗದ ಬಳಿ ಕೊಡುವುದು 240ರ ಆಸುಪಾಸು, ಅದೂ ನಿಮಿಷಕ್ಕೆ 5,600 ಸುತ್ತುಗಳಲ್ಲಿ ಕೂಗುತ್ತಿದ್ದಾಗ. ಫೋರ್ಡ್ ಕಂಪನಿ ತನ್ನ ಎಳೆತದ ಕೈಪಿಡಿಗಳಲ್ಲಿ ಇದನ್ನು ನೇರವಾಗಿಯೇ ಹೇಳುತ್ತದೆ: ಗಾಡಿಯ ನಡೆ ಹಾಗೇ ಉಳಿಯಬೇಕಾದರೆ 1,000 ಅಡಿಯ ಮೇಲೆ ಪ್ರತಿ ಸಾವಿರ ಅಡಿಗೆ ಒಟ್ಟು ತೂಕವನ್ನು 2 ಶೇಕಡದಂತೆ ಕಡಿಮೆ ಮಾಡಿ. ನಿಮ್ಮ ಗಾಡಿ ಬೇರೆ ಕಂಪನಿಯದಾದರೂ ಗಾಳಿ ಒಂದೇ. 11,000 ಅಡಿಗೆ ಈ ಲೆಕ್ಕ 20 ಶೇಕಡ ಆಗುತ್ತದೆ.

ಈಗ ನಿಮ್ಮ ಹೋದ ಬೇಸಿಗೆಯ ಏರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗಾಡಿ, ನಾಲ್ವರು, ಸಾಮಾನು, ಟ್ರೇಲರ್ ಸೇರಿ ಸುಮಾರು 11,700 ಪೌಂಡ್. 7 ಶೇಕಡ ಏರಿರುವ ಭಾಗದಲ್ಲಿ ಇಷ್ಟನ್ನು ಗಂಟೆಗೆ 45 ಮೈಲಿ ವೇಗದಲ್ಲಿ ಎತ್ತಲು, ಗಾಳಿಯ ತಡೆ ಮತ್ತು ಚಕ್ರದ ತಡೆ ಸೇರಿ, ಚಕ್ರದ ಬಳಿ ಸುಮಾರು 140 ಅಶ್ವಶಕ್ತಿ ಬೇಕು. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ನಲ್ಲಿ ಕಳೆದುಹೋಗುವುದನ್ನು ಕೂಡಿಸಿದರೆ ಎಂಜಿನ್ ಸುಮಾರು 165 ಕೊಡಬೇಕು. ನಿಮ್ಮ ಗೇರ್‌ಬಾಕ್ಸಿನ ಎರಡನೇ ಗೇರ್‌ನ ಅನುಪಾತ 2.36, ಮೂರನೆಯದರದು 1.53. 3.08 ಆಕ್ಸಲ್ ಇದ್ದರೆ 45 ಮೈಲಿ ವೇಗದಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ 3,600 ಸುತ್ತಿನ ಹತ್ತಿರ ಇರುತ್ತದೆ, ಮತ್ತು ಆ ಎತ್ತರದಲ್ಲಿ ಆ ಸುತ್ತಿನಲ್ಲಿ ಅದು ಕೊಡಬಲ್ಲದ್ದು ಹೆಚ್ಚೆಂದರೆ 170 ಅಶ್ವಶಕ್ತಿ. ಬೇಕಾದದ್ದಕ್ಕೂ ಇರುವುದಕ್ಕೂ ನಡುವೆ ಕೂದಲೆಳೆಯ ಅಂತರ. ಏರು ಸ್ವಲ್ಪ ಸಡಿಲವಾದಾಗ ಗಾಡಿ ಮೂರನೇ ಗೇರಿಗೆ ಹೋಗುತ್ತದೆ, ಅಲ್ಲಿ ಸುತ್ತು 2,300ಕ್ಕೆ ಬೀಳುತ್ತದೆ, ಶಕ್ತಿ ಸಾಲುವುದಿಲ್ಲ, ವೇಗ ಕುಸಿಯುತ್ತದೆ, ಮತ್ತೆ ಎರಡಕ್ಕೆ ಬರುತ್ತದೆ. ನೀವು ಕಂಡ ತೊಯ್ದಾಟದ ಮೂಲ ಇದೇ. ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ, ಅದಕ್ಕೆ ಆ ಏರಿಗೆ ಸರಿಹೊಂದುವ ಗೇರ್ ಇರಲಿಲ್ಲ.

ಇದೇ ಲೆಕ್ಕವನ್ನು ಹೊಸ ಟ್ರೇಲರಿಗೆ ಹಾಕಿ. ಒಟ್ಟು ತೂಕ 14,500 ಪೌಂಡ್ ಆಗುತ್ತದೆ, 45 ಮೈಲಿಗೆ ಎಂಜಿನ್ ಸುಮಾರು 195 ಅಶ್ವಶಕ್ತಿ ಕೊಡಬೇಕಾಗುತ್ತದೆ. 3.08 ಆಕ್ಸಲ್‌ನೊಂದಿಗೆ ಎರಡನೇ ಗೇರಿನಲ್ಲಿ ಅದು ಸಿಗುವುದಿಲ್ಲ. ವೇಗ ಇಳಿಯುತ್ತಾ ಹೋಗಿ ಗಾಡಿ 4.03 ಅನುಪಾತದ ಮೊದಲನೇ ಗೇರಿಗೆ ಬಿದ್ದು, ಮೂವತ್ತರ ಮೇಲಿನ ವೇಗದಲ್ಲಿ ಕಿರುಚುತ್ತಾ ಏರಬೇಕಾಗುತ್ತದೆ, ಹಿಂದೆ ಲಾರಿಗಳು ಒತ್ತಿಕೊಂಡು ಬರುತ್ತಿರುತ್ತವೆ. 3.42 ಇದ್ದರೆ ಎರಡನೇ ಗೇರಿನಲ್ಲಿ ಸುತ್ತು 3,950ಕ್ಕೆ ಏರಿ, ಬೇಕಾದಷ್ಟು ಶಕ್ತಿ ಹೇಗೋ ಸರಿಹೋಗುತ್ತದೆ, ಆದರೆ ಮಿಗುವುದು ಏನೂ ಇಲ್ಲ. 60 ಮೈಲಿ ವೇಗದಲ್ಲಿ ಏರುವ ಮಾತು ಎರಡರಲ್ಲೂ ಇಲ್ಲ. ಅದಕ್ಕೆ 290ರಷ್ಟು ಅಶ್ವಶಕ್ತಿ ಬೇಕು, ಅದು ಆ ಎತ್ತರದಲ್ಲಿ ಈ ಎಂಜಿನ್‌ನಲ್ಲಿ ಇಲ್ಲವೇ ಇಲ್ಲ.

ಶಕ್ತಿ ಸಾಲದಿರುವುದರಿಂದ ನಿಧಾನವಾಗುತ್ತದೆ, ಅಷ್ಟೇ ಆದರೆ ತಾಳ್ಮೆಯಿಂದ ಹೋಗಬಹುದಲ್ಲ ಎಂದು ನೀವು ಕೇಳಬಹುದು. ತೊಂದರೆ ಇರುವುದು ಶಾಖದಲ್ಲಿ. ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಟಾರ್ಕ್ ಕನ್ವರ್ಟರ್ ಇದೆ. ಅದರಲ್ಲಿ ಶಕ್ತಿ ಎಣ್ಣೆಯ ಮೂಲಕ ದಾಟುತ್ತದೆ, ದಾಟುವಾಗ ಸ್ವಲ್ಪ ಜಾರುತ್ತದೆ, ಜಾರಿದ್ದೆಲ್ಲ ಶಾಖವಾಗುತ್ತದೆ. ಈ ಜಾರಿಕೆಯನ್ನು ತಪ್ಪಿಸಲು ಒಳಗೆ ಒಂದು ಲಾಕಪ್ ಕ್ಲಚ್ ಇದ್ದು, ಗಾಡಿ ಸಮವೇಗದಲ್ಲಿ ಇರುವಾಗ ಎರಡೂ ಬದಿಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಗೇರ್ ಬದಲಾಗುವಾಗಲೆಲ್ಲ ಈ ಹಿಡಿತ ಸಡಿಲವಾಗುತ್ತದೆ. ತೊಯ್ದಾಡುವ ಗಾಡಿಯಲ್ಲಿ ಅದು ಸಡಿಲವಾಗಿಯೇ ಹೆಚ್ಚು ಹೊತ್ತು ಇರುತ್ತದೆ. 200 ಅಶ್ವಶಕ್ತಿ ದಾಟುತ್ತಿರುವಾಗ 10 ಶೇಕಡ ಜಾರಿದರೂ 20 ಅಶ್ವಶಕ್ತಿ, ಅಂದರೆ ಸುಮಾರು 15 ಕಿಲೋವಾಟ್ ಶಾಖ ಎಣ್ಣೆಗೆ ಸೇರುತ್ತದೆ. ಬಚ್ಚಲಿನಲ್ಲಿ ಹಾಕಿಸುವ ಎರಡು ಕಿಲೋವಾಟಿನ ಗೀಸರ್‌ಗಳನ್ನು ನೆನೆಸಿಕೊಳ್ಳಿ: ಅಂಥ ಏಳು ಗೀಸರ್‌ಗಳು ಕೆಲವೇ ಲೀಟರ್ ಎಣ್ಣೆಯನ್ನು ಒಟ್ಟಿಗೆ ಕಾಯಿಸಿದಂತೆ. ಸಿಲ್ವರ್‌ತಾರ್ನ್‌ನಿಂದ ಸುರಂಗದವರೆಗಿನ ಸುಮಾರು ಎಂಟು ಮೈಲಿಯ ಏರಿನಲ್ಲಿ ಇದು ಹತ್ತು ಹನ್ನೆರಡು ನಿಮಿಷ ನಡೆಯುತ್ತದೆ. ಅದೇ ಹೊತ್ತಿನಲ್ಲಿ ವೇಗ ಕಡಿಮೆ ಇರುವುದರಿಂದ ರೇಡಿಯೇಟರ್ ಮತ್ತು ಕೂಲರ್ ಮೇಲೆ ಬೀಸುವ ಗಾಳಿಯೂ ಕಡಿಮೆ, ಬೀಸುವ ಗಾಳಿಯೂ ಸಮುದ್ರಮಟ್ಟಕ್ಕಿಂತ ಸುಮಾರು 30 ಶೇಕಡ ತೆಳು. ಎಂಜಿನ್‌ನ ಶಕ್ತಿ ಕಿತ್ತುಕೊಳ್ಳುವ ಎತ್ತರವೇ ತಂಪು ಮಾಡುವ ಸಾಮರ್ಥ್ಯವನ್ನೂ ಕಿತ್ತುಕೊಳ್ಳುತ್ತದೆ.

ನಾನು ಬಿಚ್ಚಿ ನೋಡಿದ ಎಳೆತದ ಗಾಡಿಗಳ ಗೇರ್‌ಬಾಕ್ಸ್‌ಗಳಲ್ಲಿ ಹಲ್ಲುಗಳು ಮುರಿದಿದ್ದು ಅಪರೂಪ. ಸಾಮಾನ್ಯವಾಗಿ ಕಾಣುವುದು ಸವೆದ ಲಾಕಪ್ ಕ್ಲಚ್, ಅದರಿಂದ ಉದುರಿದ ಪುಡಿ, ಆ ಪುಡಿ ಪಂಪ್‌ಗೂ ವಾಲ್ವ್ ಬಾಡಿಗೂ ಹೋಗಿ ಒತ್ತಡ ಕುಸಿದು, ಆಮೇಲೆ ಒಂದೊಂದಾಗಿ ಸುಟ್ಟ ಕ್ಲಚ್ ಪ್ಲೇಟುಗಳು. ಇದು ಒಂದೇ ದಿನದಲ್ಲಿ ಆಗುವ ಘಟನೆಯಲ್ಲ. ಹಲವು ಬೇಸಿಗೆಗಳ ಶಾಖ ಕೂಡಿ ಒಂದು ದಿನ ಸಮತಟ್ಟಾದ ರಸ್ತೆಯಲ್ಲೇ ಗಾಡಿ ನಡುಗಲು ಆರಂಭಿಸುತ್ತದೆ. ಮಾಲೀಕರಿಗೆ ಅದು ಟ್ರೇಲರ್‌ನಿಂದ ಆದದ್ದೆಂದು ಅನಿಸುವುದೂ ಇಲ್ಲ, ಏಕೆಂದರೆ ಆ ದಿನ ಹಿಂದೆ ಟ್ರೇಲರ್ ಇರುವುದಿಲ್ಲ.

ಉಷ್ಣತೆಯ ವಿಷಯದಲ್ಲಿ ನಾನು ಕೆಲಸದಲ್ಲಿ ಅನುಸರಿಸುವ ಅಂದಾಜು ಹೀಗಿದೆ. ನಿಮ್ಮ ಗಾಡಿಯಲ್ಲಿ ಹಾಕುವ ಡೆಕ್ಸ್‌ರಾನ್ 6 ಎಣ್ಣೆಗೆ 190ರಿಂದ 220 ಡಿಗ್ರಿ ಫ್ಯಾರನ್‌ಹೀಟ್ ಸಹಜ. 175 ಡಿಗ್ರಿ ದಾಟಿದರೆ ಎಣ್ಣೆ ಹಾಳು ಎಂದು ಹೇಳುವ ಹಳೆಯ ಪಟ್ಟಿಗಳು ಹಳೆಯ ಎಣ್ಣೆಗಳ ಕಾಲದವು, ಅವನ್ನು ನೋಡಿ ಹೆದರಬೇಡಿ. 240 ದಾಟಿದರೆ ವೇಗ ತಗ್ಗಿಸಿ, ಕೆಳಗಿನ ಗೇರನ್ನು ಕೈಯಿಂದಲೇ ಹಿಡಿದಿಟ್ಟು ಲಾಕಪ್ ಕೂಡಿಕೊಳ್ಳಲು ಅವಕಾಶ ಕೊಡಿ. 260ರತ್ತ ಹೋಗುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಎಂಜಿನ್ ಬಂದ್ ಮಾಡದೆ ಸ್ವಲ್ಪ ಹೆಚ್ಚು ಸುತ್ತಿನಲ್ಲಿ ಓಡಲು ಬಿಡಿ. ಎಂಜಿನ್ ನಿಂತರೆ ಎಣ್ಣೆ ಕೂಲರ್‌ಗೆ ಹರಿಯುವುದೂ ನಿಲ್ಲುತ್ತದೆ.

ಇನ್ನು ನೀವು ಕೇಳಿರಬಹುದಾದ ಕೆಲವು ನಂಬಿಕೆಗಳ ಬಗ್ಗೆ. ‘ಓವರ್‌ಡ್ರೈವ್‌ನಲ್ಲಿ ಎಂದೂ ಎಳೆಯಬಾರದು’ (ಓವರ್‌ಡ್ರೈವ್ ಎಂದರೆ ಅನುಪಾತ 1ಕ್ಕಿಂತ ಕಡಿಮೆ ಇರುವ ಮೇಲಿನ ಗೇರ್) ಎಂಬುದು ನಾಲ್ಕು ಗೇರ್‌ಗಳ ಹಳೆಯ ಗೇರ್‌ಬಾಕ್ಸ್‌ಗಳ ಕಾಲದಿಂದ ಬಂದ ಮಾತು. ಆಗ ಮೂರನೇ ಗೇರ್ 1.00, ನಾಲ್ಕನೆಯದು 0.70, ನಡುವೆ ಏನೂ ಇಲ್ಲದ ಕಾರಣ ಭಾರದೊಡನೆ ಅವು ಮೂರು ನಾಲ್ಕರ ನಡುವೆ ತೊಯ್ದಾಡಿ, ಆ ಎರಡು ಗೇರ್‌ಗಳಿಗೆ ಸೇರಿದ ಕ್ಲಚ್ಚನ್ನು ಸುಟ್ಟುಕೊಳ್ಳುತ್ತಿದ್ದವು. ಆಗ ಅದು ಸರಿಯಾದ ಸಲಹೆಯೇ ಆಗಿತ್ತು. ಈಗ ಅದರ ಸಾರ ಬೇರೆ ಇದೆ: ಗೇರ್ ಯಾವುದು ಎಂಬುದಕ್ಕಿಂತ ಅದು ನಿಂತಲ್ಲಿ ನಿಲ್ಲುತ್ತದೆಯೇ ಎಂಬುದು ಮುಖ್ಯ. ಸಮತಟ್ಟಿನಲ್ಲಿ ಐದನೇ ಗೇರ್ 0.85 ಆದರೂ ತೊಯ್ದಾಡದೆ ಎಳೆಯುತ್ತಿದ್ದರೆ ತೊಂದರೆ ಇಲ್ಲ. 0.67ರ ಆರನೇ ಗೇರನ್ನು ಮಾತ್ರ ಟ್ರೇಲರ್ ಇರುವಾಗ ಮರೆತುಬಿಡಿ. ಭಾರ ಎಳೆಯುವಾಗ ಬಳಸುವ ಟೋ ಹಾಲ್ ಗುಂಡಿಯನ್ನು ಒತ್ತಿದರೆ ಗಾಡಿ ಮೇಲಿನ ಗೇರಿಗೆ ತಡವಾಗಿ ಹೋಗುತ್ತದೆ, ಇಳಿಜಾರಿನಲ್ಲಿ ತಾನಾಗಿ ಕೆಳಗಿನ ಗೇರಿಗೆ ಬರುತ್ತದೆ. ಅದನ್ನು ಒತ್ತದೆ ಏರು ಹತ್ತಿದ್ದರೆ ನಿಮ್ಮ 238 ಡಿಗ್ರಿಗೆ ಅದೂ ಒಂದು ಕಾರಣ.

‘ಎಂಜಿನ್ 4,000 ಸುತ್ತಿನಲ್ಲಿ ಕೂಗಿದರೆ ಹಾಳಾಗುತ್ತದೆ’ ಎಂಬ ಭಯ ನಮ್ಮ ಜನರಲ್ಲಿ ಬಹಳ. ಆ ಸದ್ದು ಮನಸ್ಸಿಗೆ ಹಿತವಲ್ಲ, ನಿಜ. ಆದರೆ ಈ ಎಂಜಿನ್ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಕೊಡುವುದೇ 4,100 ಸುತ್ತಿನಲ್ಲಿ. ಅದನ್ನು 2,000 ಸುತ್ತಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ತಿಣುಕಿಸುತ್ತಾ ಏರಿಸುವುದು ಎಂಜಿನ್‌ಗೂ ಗೇರ್‌ಬಾಕ್ಸಿಗೂ ಹೆಚ್ಚು ಕೆಟ್ಟದ್ದು.

ಕೂಲರ್ ವಿಷಯಕ್ಕೆ ಬರೋಣ. ಒಳ್ಳೆಯ ಹೆಚ್ಚುವರಿ ಕೂಲರ್ ಉಪಯುಕ್ತ, 5,000 ಪೌಂಡ್‌ನ ಟ್ರೇಲರ್ ಎಳೆಯುವವರಿಗೂ ನಾನು ಅದನ್ನು ಹೇಳುತ್ತೇನೆ. ಅದು ಎಣ್ಣೆಯ ಶಾಖ ತೆಗೆಯುತ್ತದೆ, ಆದರೆ ಕ್ಲಚ್ ಹಿಡಿಯಬಲ್ಲ ಟಾರ್ಕನ್ನು ಹೆಚ್ಚಿಸುವುದಿಲ್ಲ, ಆಕ್ಸಲ್‌ನ ಅನುಪಾತ ಬದಲಿಸುವುದಿಲ್ಲ, ಬ್ರೇಕಿಗೆ ಬಲ ಕೊಡುವುದಿಲ್ಲ, ಚೀಟಿಯಲ್ಲಿರುವ ಪೇಲೋಡ್ ಸಂಖ್ಯೆಯನ್ನು ಅಳಿಸುವುದಿಲ್ಲ. ಹಿಂದಿನ ಸ್ಪ್ರಿಂಗ್‌ಗೆ ಹಾಕುವ ಗಾಳಿಚೀಲಗಳದೂ ಅದೇ ಕಥೆ. ಗಾಡಿಯ ಹಿಂಭಾಗ ಎದ್ದು ನಿಂತು ನೋಡಲು ಚೆನ್ನಾಗಿ ಕಾಣುತ್ತದೆ, ಆಕ್ಸಲ್ ಮೇಲಿನ ಭಾರ ಅಷ್ಟೇ ಇರುತ್ತದೆ. ಎಂಜಿನ್ ಕಂಪ್ಯೂಟರನ್ನು ತಿದ್ದಿಸಿ ಶಕ್ತಿ ಹೆಚ್ಚಿಸುವ ಮಾರ್ಗವನ್ನು ಎಳೆತಕ್ಕಾಗಿ ನಾನು ಯಾರಿಗೂ ಹೇಳುವುದಿಲ್ಲ. ಆ ಹೆಚ್ಚಿನ ಶಕ್ತಿಯೆಲ್ಲ ಇದೇ ಗೇರ್‌ಬಾಕ್ಸಿನ ಮೂಲಕವೇ ದಾಟಬೇಕು.

ನಿಮ್ಮ ವಿಷಯದಲ್ಲಿ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳ ಮಿತಿಗಿಂತ ಮೊದಲೇ ಮುಗಿದುಹೋಗುವ ಇನ್ನೊಂದು ಮಿತಿ ಇದೆ, ಅದನ್ನು ಹೇಳದೆ ಬಿಡುವಂತಿಲ್ಲ. ಟ್ರೇಲರಿನ ಮುಂದಿನ ಕೊಕ್ಕೆಯ ಮೂಲಕ ಅದರ ತೂಕದ 10ರಿಂದ 15 ಶೇಕಡ ಭಾರ ಗಾಡಿಯ ಮೇಲೆ ಬೀಳಬೇಕು; ಕಡಿಮೆಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಬಾಲದಂತೆ ಆಡಲು ಶುರುಮಾಡುತ್ತದೆ. 7,600 ಪೌಂಡ್‌ಗೆ 13 ಶೇಕಡ ಹಿಡಿದರೆ ಸುಮಾರು 990 ಪೌಂಡ್. ಟ್ರೇಲರನ್ನು ಗಾಡಿಗೆ ಕೂಡಿಸುವ, ಭಾರ ಹಂಚುವ ಹಿಚ್ಚಿನ ತೂಕವೇ 90ರಷ್ಟಿರುತ್ತದೆ. ನಿಮ್ಮ 1,510 ಪೌಂಡ್‌ನಲ್ಲಿ ಇವೆರಡನ್ನು ಕಳೆದರೆ ಉಳಿಯುವುದು 430. ಆರು ಜನ ಮತ್ತು ಅವರ ಸಾಮಾನು ಅಷ್ಟರಲ್ಲಿ ಹಿಡಿಸಲಾರದು. ತಿರುಗಿಸಿ ಲೆಕ್ಕ ಹಾಕಿದರೆ, ನೀವು ನಾಲ್ವರೇ ಹೊರಟರೆ ಟ್ರೇಲರಿಗೆ ಸುಮಾರು 5,800 ಪೌಂಡ್‌ವರೆಗೆ ಜಾಗವಿದೆ. ಅಪ್ಪ ಅಮ್ಮನೂ ಕೂತರೆ ಅದು 3,000 ಪೌಂಡ್‌ನ ಆಸುಪಾಸಿಗೆ ಇಳಿಯುತ್ತದೆ. ಇದನ್ನು ಕೇಳಿ ಅನೇಕರು ಆಶ್ಚರ್ಯಪಡುತ್ತಾರೆ, ಆದರೆ ದೊಡ್ಡ ಎಸ್‌ಯುವಿಯ ಏಳು ಆಸನಗಳನ್ನೂ ಅದರ ಗರಿಷ್ಠ ಎಳೆತವನ್ನೂ ಒಟ್ಟಿಗೆ ಬಳಸಲು ಆಗುವುದೇ ಇಲ್ಲ. ಟ್ರೇಲರಿನ ‘ಖಾಲಿ ತೂಕ’ವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೂಬೇಡಿ. ಬ್ಯಾಟರಿ, ಗ್ಯಾಸ್, ಪಾತ್ರೆ, ಹಾಸಿಗೆ ಸೇರಿದ ಮೇಲೆ 40 ಗ್ಯಾಲನ್ ನೀರು ತುಂಬಿದರೆ ಅದೇ ಇನ್ನೂ 330 ಪೌಂಡ್.

ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಿಂದಿನ ಡಿಫರೆನ್ಷಿಯಲ್‌ಗೆ ಬೇರೆ ಕೂಲರ್ ಇಲ್ಲ, ಉದ್ದದ ಏರಿನಲ್ಲಿ ಅದೂ ಕಾಯುತ್ತದೆ; ಆದ್ದರಿಂದ ಎಳೆಯುವ ಗಾಡಿಯಲ್ಲಿ ಅದರ ಎಣ್ಣೆಯನ್ನು ಮರೆಯಬಾರದು. ಒಣ ಡಾಂಬರಿನ ಮೇಲೆ ಫೋರ್ ಹೈ (ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಸ್ಥಿತಿ) ಹಾಕಿ ಎಳೆಯಬೇಡಿ, ಚಕ್ರಗಳು ಪರಸ್ಪರ ಎಳೆದಾಡಿ ಹಲ್ಲುಗಳ ಮೇಲೆ ವ್ಯರ್ಥ ಒತ್ತಡ ಬೀಳುತ್ತದೆ. ಕ್ಯಾಂಪ್ ಜಾಗದಲ್ಲಿ ಏರಿನ ಜಲ್ಲಿ ದಾರಿಯಲ್ಲಿ ಟ್ರೇಲರನ್ನು ಹಿಂದಕ್ಕೆ ತಳ್ಳುವಾಗ ಟಾರ್ಕ್ ಕನ್ವರ್ಟರ್ ಬಹಳ ಬೇಗ ಕಾಯುತ್ತದೆ, ಏಕೆಂದರೆ ಅಲ್ಲಿ ವೇಗ ಶೂನ್ಯದ ಹತ್ತಿರ, ಜಾರಿಕೆ ಗರಿಷ್ಠ. ಅಲ್ಲಿ ಫೋರ್ ಲೋ (ನಾಲ್ಕೂ ಚಕ್ರಗಳನ್ನು ಇನ್ನೂ ಕೆಳಗಿನ ಗೇರಿನಲ್ಲಿ ತಿರುಗಿಸುವ ಸ್ಥಿತಿ) ಇದ್ದರೆ ಬಳಸಿ. ಎನ್‌ಎಚ್‌ಟಿ ಪ್ಯಾಕೇಜ್ ಇಲ್ಲದ ಹಲವು ಸಬರ್ಬನ್‌ಗಳಲ್ಲಿ ಫೋರ್ ಲೋ ಇರುವುದೇ ಇಲ್ಲ, ನಿಮ್ಮದರಲ್ಲಿ ಇದೆಯೇ ನೋಡಿಕೊಳ್ಳಿ.

ಇಳಿಜಾರಿನ ಬಗ್ಗೆ ನಿಮಗೆ ಘಾಟಿಯ ಅನುಭವ ಇರುವುದು ಒಳ್ಳೆಯದು. ಸುರಂಗದಿಂದ ಸಿಲ್ವರ್‌ತಾರ್ನ್ ಕಡೆ ಇಳಿಯುವ ಐ-70ರ ಪಕ್ಕದಲ್ಲಿ ಬ್ರೇಕ್ ಕಳೆದುಕೊಂಡ ಲಾರಿಗಳಿಗಾಗಿ ಜಲ್ಲಿ ಹಾಸಿದ, ಪಕ್ಕಕ್ಕೆ ಸರಿದು ನಿಲ್ಲುವ ಕವಲುದಾರಿಗಳನ್ನು ಮಾಡಿರುವುದೇಕೆ ಎಂದು ನಿಮಗೆ ವಿವರಿಸಬೇಕಿಲ್ಲ. ಇಳಿಜಾರು ಶುರುವಾಗುವ ಮೊದಲೇ 45ಕ್ಕೆ ಇಳಿದು ಎರಡನೇ ಅಥವಾ ಮೂರನೇ ಗೇರನ್ನು ಹಿಡಿದಿಡಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ, ಟ್ರೇಲರ್ ಬ್ರೇಕಿನ ಕಂಟ್ರೋಲರ್ ಸರಿಯಾಗಿ ಹೊಂದಿಸಿದೆಯೇ ಎಂದು ಹೊರಡುವಾಗ ಖಾಲಿ ಜಾಗದಲ್ಲಿ ಪರೀಕ್ಷಿಸಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು? ನಾನು ಮೊದಲು ಹೇಳುವುದು ಚಿಕ್ಕ ಟ್ರೇಲರ್. ಗರಿಷ್ಠ ತೂಕ 5,000 ಪೌಂಡ್ ಒಳಗಿನ, ಎತ್ತರ ಕಡಿಮೆ ಇರುವ, ಮೂತಿ ದುಂಡಗಿರುವ ಟ್ರೇಲರನ್ನು ನೋಡಿ. ಮೂತಿಯ ವಿಷಯ ಸೌಂದರ್ಯದ್ದಲ್ಲ: ಎಂಟು ಅಡಿ ಅಗಲದ ಚೌಕ ಗೋಡೆ ಗಾಳಿಗೆ ಒಡ್ಡುವ ತಡೆ ಸಮತಟ್ಟಾದ ಹೆದ್ದಾರಿಯಲ್ಲಿ ತೂಕಕ್ಕಿಂತ ಹೆಚ್ಚು ಕಾಡುತ್ತದೆ, ಫೋರ್ಡ್‌ನಂಥ ತಯಾರಕರು ಟ್ರೇಲರಿನ ಮುಂಭಾಗದ ವಿಸ್ತೀರ್ಣಕ್ಕೇ 60 ಚದರ ಅಡಿಯಂಥ ಮಿತಿ ಹಾಕಿದ್ದಾರೆ. ಅಪ್ಪ ಅಮ್ಮ ಬಂದಾಗ ಇಂಥ ಟ್ರೇಲರಿಗೂ ಪೇಲೋಡ್ ಸಾಲುವುದಿಲ್ಲವಾದ್ದರಿಂದ ಆ ಪ್ರವಾಸಕ್ಕೆ ಇಬ್ಬರು ಎರಡನೇ ಕಾರಿನಲ್ಲಿ ಬರಬೇಕಾಗುತ್ತದೆ. ವಯಸ್ಸಾದವರಿಗೆ ಅದು ಹೆಚ್ಚು ಆರಾಮವೂ ಹೌದು.

ಆಕ್ಸಲ್‌ನ ಗೇರ್ ಬದಲಿಸುವುದು ಎರಡನೇ ದಾರಿ. ಫೋರ್ ವೀಲ್ ಡ್ರೈವ್ ಆದ್ದರಿಂದ ಮುಂದೆ ಹಿಂದೆ ಎರಡೂ ಬದಲಿಸಿ, ಕಂಪ್ಯೂಟರಿಗೆ ಹೊಸ ಅನುಪಾತ ತಿಳಿಸಬೇಕು. ಕೆಲವು ಸಾವಿರ ಡಾಲರ್ ಖರ್ಚು, ಕೆಲಸ ಮಾಡುವವರ ಕೈ ಚೆನ್ನಾಗಿರಬೇಕು, ಹಲ್ಲುಗಳು ಕೂಡಿಕೊಳ್ಳುವವರೆಗೆ ಮೊದಲ 500 ಮೈಲಿ ಟ್ರೇಲರ್ ಕಟ್ಟಬಾರದು. ಗಾಡಿ ಎಳೆಯುವ ರೀತಿ ನಿಜಕ್ಕೂ ಸುಧಾರಿಸುತ್ತದೆ. ಆದರೆ ಕಂಪನಿ ಬರೆದ ಮಿತಿ ಕಾಗದದಲ್ಲಿ ಬದಲಾಗುವುದಿಲ್ಲ, ಪೇಲೋಡ್ ಒಂದು ಪೌಂಡ್ ಕೂಡ ಹೆಚ್ಚುವುದಿಲ್ಲ. ಆದ್ದರಿಂದ ಚಿಕ್ಕ ಟ್ರೇಲರನ್ನು ಹಲವು ವರ್ಷ ಎಳೆಯುವ ಉದ್ದೇಶ ಇದ್ದರೆ ಮಾತ್ರ ಇದು ಸಾರ್ಥಕ, 7,600 ಪೌಂಡ್‌ಗೆ ಇದು ಪರಿಹಾರವಲ್ಲ.

ಆ 28 ಅಡಿಯ ಟ್ರೇಲರೇ ಬೇಕು ಎಂದಾದರೆ ಗಾಡಿ ಬದಲಿಸಬೇಕು. 2500 ದರ್ಜೆಯ ಪಿಕಪ್‌ಗಳು, ಅಂದರೆ ಮುಕ್ಕಾಲು ಟನ್ ಎಂದು ಕರೆಯುವವು, ಈ ಕೆಲಸಕ್ಕೇ ಹುಟ್ಟಿದವು: ದಪ್ಪ ಆಕ್ಸಲ್, ದೊಡ್ಡ ಕೂಲರ್, ಗಟ್ಟಿ ಬ್ರೇಕ್. ಡಬಲ್ ಕ್ಯಾಬ್ (ಎರಡು ಸಾಲು ಆಸನ) ಇದ್ದರೆ ಐದಾರು ಜನ ಕೂರಬಹುದು. ಡೀಸೆಲ್ ಟರ್ಬೊ ಇದ್ದರೆ ಎತ್ತರದಲ್ಲಿ ಶಕ್ತಿ ಬಹಳ ಕಡಿಮೆ ಕಳೆದುಕೊಳ್ಳುತ್ತದೆ, ಆದರೆ ಡೀಸೆಲ್ ಎಂಜಿನ್‌ನ ಸ್ವಂತ ತೂಕ ಪೇಲೋಡನ್ನು ತಿನ್ನುತ್ತದೆ, ಅದನ್ನು ಚೀಟಿಯಲ್ಲಿ ನೋಡಿಯೇ ಕೊಳ್ಳಿ. ಮುಕ್ಕಾಲು ಟನ್ನಿನ ಸಬರ್ಬನ್ 2500 ಸಾರ್ವಜನಿಕರಿಗೆ 2013ರವರೆಗೆ ಮಾರಾಟದಲ್ಲಿತ್ತು. 6.0 ಲೀಟರ್ ಎಂಜಿನ್, ಬಲವಾದ ಗೇರ್‌ಬಾಕ್ಸ್, 3.73 ಆಕ್ಸಲ್ ಇದ್ದ ಅದು ಒಳ್ಳೆಯ ಗಾಡಿ, ಆದರೆ ಈಗ ಸಿಗುವವೆಲ್ಲ ಹಳೆಯವು, ಅವುಗಳ ಹಿಂದಿನ ಮಾಲೀಕರು ಏನು ಎಳೆದಿದ್ದರು ಎಂಬುದು ಗೊತ್ತಾಗುವುದು ಕಷ್ಟ.

ವರ್ಷಕ್ಕೆ ಒಂದೆರಡು ಪ್ರವಾಸವಷ್ಟೇ ಆದರೆ ಕೊಳ್ಳುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಬಾಡಿಗೆಯ ಟ್ರೇಲರನ್ನು ಕ್ಯಾಂಪ್ ಜಾಗಕ್ಕೇ ತಂದು ನಿಲ್ಲಿಸಿ, ಆಮೇಲೆ ತೆಗೆದುಕೊಂಡು ಹೋಗುವ ವ್ಯವಸ್ಥೆ ಹಲವು ಕಡೆ ಇದೆ. ನೀವು ಆರೂ ಜನ ಖಾಲಿ ಸಬರ್ಬನ್‌ನಲ್ಲಿ ಸುರಂಗ ದಾಟಿ, ವೇಲ್ ಪಾಸ್ ದಾಟಿ ಆರಾಮವಾಗಿ ಮೋಆಬ್ ತಲುಪಬಹುದು. ಮುಂದಿನ ಬೇಸಿಗೆಗಾದರೂ ಇದನ್ನು ಗಂಭೀರವಾಗಿ ಯೋಚಿಸಿ.

ಯಾವ ದಾರಿ ಹಿಡಿದರೂ ಈಗಲೇ ಎರಡು ಕೆಲಸ ಮಾಡಿಸಿ. ಗೇರ್‌ಬಾಕ್ಸ್ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ. ಕಠಿಣ ಬಳಕೆಯ ಗಾಡಿಗೆ ಕಂಪನಿ ಹೇಳುವುದೇ 45,000 ಮೈಲಿಗೊಮ್ಮೆ, ನಿಮ್ಮದು ಹಳೆಯ ಗಾಡಿಯಾಗಿ ಬಂದದ್ದು, ಹಿಂದೆ ಬದಲಾಗಿದೆಯೋ ಇಲ್ಲವೋ ತಿಳಿಯದು. ಪ್ಯಾನ್ ಬಿಚ್ಚಿದಾಗ ಎಣ್ಣೆಯನ್ನೂ ಒಳಗಿನ ಅಯಸ್ಕಾಂತವನ್ನೂ ನಿಮಗೆ ತೋರಿಸುವಂತೆ ಮೆಕ್ಯಾನಿಕ್‌ಗೆ ಮೊದಲೇ ಹೇಳಿಡಿ. ತೆಳುವಾದ ಬೂದು ಕೆಸರು ಸಹಜ. ಕಪ್ಪು ಬಣ್ಣ, ಸುಟ್ಟ ವಾಸನೆ ಅಥವಾ ಹೊಳೆಯುವ ಲೋಹದ ಚೂರುಗಳು ಕಂಡರೆ ಟ್ರೇಲರಿನ ಮಾತು ಆಮೇಲೆ, ಮೊದಲು ಟಾರ್ಕ್ ಕನ್ವರ್ಟರನ್ನು ಪರೀಕ್ಷೆ ಮಾಡಿಸಿ. ಎರಡನೆಯದಾಗಿ, ಸಹಜವಾಗಿ ಪ್ರವಾಸಕ್ಕೆ ಹೊರಡುವಂತೆ ಎಲ್ಲರನ್ನೂ ಸಾಮಾನನ್ನೂ ಹಾಕಿಕೊಂಡು ಹತ್ತಿರದ ಟ್ರಕ್ ಸ್ಟಾಪ್‌ನಲ್ಲಿರುವ ಲಾರಿ ತೂಗುವ ಕ್ಯಾಟ್ ಸ್ಕೇಲ್‌ಗೆ ಹೋಗಿ ಟ್ರೇಲರ್ ಇಲ್ಲದೆಯೇ ಒಮ್ಮೆ ತೂಗಿಸಿ. ಬಂದ ಅಂಕಿಯನ್ನು ಬಾಗಿಲ ಕಂಬದಲ್ಲಿರುವ ಗಾಡಿಯ ಒಟ್ಟು ತೂಕದ ಮಿತಿಯಿಂದ ಕಳೆದು, ಹಿಚ್ಚಿನ 90 ಪೌಂಡ್ ತೆಗೆದು, ಉಳಿದದ್ದನ್ನು 0.13ರಿಂದ ಭಾಗಿಸಿ. ಟ್ರೇಲರ್ ಅಂಗಡಿಗೆ ಹೋಗುವಾಗ ಆ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಟ್ರೇಲರಿನ ಗರಿಷ್ಠ ತೂಕವನ್ನು ಅದರೊಂದಿಗೆ ಹೋಲಿಸಿ ನೋಡಿ.